ಕೂಲಿ ಪಡೆದ ತಾಯಿ

ವಿಮೋಚನಾಕಾಂಡದ ಎರಡನೆಯ ಅಧ್ಯಾಯದ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳಿ ಬಲ್ಲೆವು. ಫರೋಹನ ಕ್ರೂರ ಆಜ್ಞೆಗೆ ಅಂಜಿ ಮೂರು ತಿಂಗಳು ಮನೆಯಲ್ಲೇ ಬಚ್ಚಿಟ್ಟ ಹಸುಳೆಯನ್ನು ಒಬ್ಬ ತಾಯಿ ಜೊಂಡಿನ ಬುಟ್ಟಿಯಲ್ಲಿ ಮಲಗಿಸಿ ನದಿಯ ಅಂಚಿನಲ್ಲಿ ಬಿಡುತ್ತಾಳೆ. ಮಗುವಿನ ಅಕ್ಕ ದೂರದಲ್ಲಿ ನಿಂತು ಕಾಯುತ್ತಾಳೆ. ಸ್ನಾನಕ್ಕೆ ಬಂದ ರಾಜಕುಮಾರಿಗೆ ಅಳುವ ಮಗು ಕಾಣುತ್ತದೆ. ಆಕೆಯ ಮನಸ್ಸು ಕರಗುತ್ತದೆ. ಇಷ್ಟನ್ನು ಹೇಳಿ ನಾವು ಮೋಶೆಯ ಮುಂದಿನ ಬದುಕಿನತ್ತ ಹೊರಟುಬಿಡುತ್ತೇವೆ. ಆದರೆ ನಡುವೆ ಒಂದು ಸಣ್ಣ ವಿವರವಿದೆ. ಮಗುವಿಗೆ ಹಾಲೂಡಿಸಲು ಅಕ್ಕ ಕರೆತಂದ ದಾದಿ ಬೇರಾರೂ ಅಲ್ಲ, ಹೆತ್ತ ತಾಯಿಯೇ. ಆಕೆಯ ಕೈಗೆ ಮಗುವನ್ನು ಒಪ್ಪಿಸುವಾಗ ರಾಜಕುಮಾರಿ ಅದಕ್ಕಾಗಿ ಕೂಲಿಯನ್ನೂ ಕೊಡುವುದಾಗಿ ಮಾತು ಕೊಡುತ್ತಾಳೆ.

ಪ್ರಿಯ ಓದುಗರೇ, ತನ್ನ ಮಗುವಿಗೇ ಹಾಲೂಡಿಸಲು ಆ ತಾಯಿ ಕೂಲಿ ಪಡೆದಳು. ಅದರಿಂದ ಆಕೆಯ ತಾಯ್ತನಕ್ಕೆ ಕುಂದು ಬಂದಿತೇ? ಆ ಹಾಲಿನ ಸವಿ ಕಡಿಮೆಯಾಯಿತೇ? ಹಾಗೆಂದು ನಮ್ಮಲ್ಲಿ ಯಾರೂ ಹೇಳಲಾರರು. ಆದರೂ ನಿತ್ಯದ ಬದುಕಿನಲ್ಲಿ ನಾವು ಬೇರೆಯೇ ರೀತಿಯಲ್ಲಿ ಯೋಚಿಸುತ್ತೇವೆ. ಸೇವೆಯೆಂದರೆ ಪುಕ್ಕಟೆಯಾಗಿರಬೇಕು, ಹಣ ಮುಟ್ಟಿದೊಡನೆ ಅದು ಕೇವಲ ನೌಕರಿಯಾಗುತ್ತದೆ ಎಂಬ ಭಾವನೆ ನಮ್ಮೊಳಗೆ ಬೇರೂರಿದೆ.

ಪದವಿ ಮುಗಿಸಿದ ನಿಮ್ಮ ಮಗಳು ಒಂದು ಸಂಜೆ, "ಅಪ್ಪಾ, ನಾನು ಎಂ.ಎಸ್.ಡಬ್ಲ್ಯೂ. ಓದುತ್ತೇನೆ. ನಿರ್ಗತಿಕ ಮಕ್ಕಳ ನಡುವೆ ಕೆಲಸ ಮಾಡಬೇಕೆಂದಿದ್ದೇನೆ" ಎಂದಳೆನ್ನಿ. ಮೊದಲು ನಿಮ್ಮ ಬಾಯಲ್ಲಿ ಬರುವ ಮಾತು, "ಅದರಲ್ಲಿ ಸಂಬಳವೆಷ್ಟು ಮಗಳೇ?" ಎಂದಾಗಿರಬಹುದು. ಅದರಲ್ಲಿ ತಪ್ಪೇನಿಲ್ಲ, ಹೆತ್ತವರ ಕಾಳಜಿಯದು. ಆದರೆ ಅದೇ ಹುಡುಗಿ ಮುಂದೆ ಕೆಲಸಕ್ಕೆ ಸೇರಿ, ತನ್ನ ಸಂಬಳ ಸಾಲದೆಂದು ಹೇಳಿದರೆ, "ಸಮಾಜ ಸೇವೆಗೆ ಬಂದವರಿಗೆ ಹಣದ ಆಸೆ ಏಕೆ?" ಎಂದು ಕೇಳುವವರೂ ನಾವೇ. ಸೇರುವ ಮೊದಲು ಸಂಬಳ ಕಡಿಮೆಯೆಂದು ತಡೆಯುವುದು, ಸೇರಿದ ಮೇಲೆ ಸಂಬಳ ಕೇಳಬಾರದೆನ್ನುವುದು. ಈ ಎರಡು ಮಾತುಗಳ ನಡುವೆ ಸಿಲುಕಿ ನಲುಗುವುದು ಮಾತ್ರ ಯಾರದೋ ಮನೆಯ ಮಗು.

ಅಮೆರಿಕದ ಸಂಯುಕ್ತ ಸಂಸ್ಥಾನ ಈ ಇಕ್ಕಟ್ಟಿಗೆ ಕಂಡುಕೊಂಡ ಒಂದು ಉತ್ತರವನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ. ಆ ದೇಶವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆ ಉತ್ತರದೊಳಗೆ ನಮ್ಮೆಲ್ಲರ ಮನಸ್ಸಾಕ್ಷಿಗೆ ಸಂಬಂಧಿಸಿದ ಒಂದು ಪ್ರಶ್ನೆ ಅಡಗಿದೆ ಎಂಬುದಕ್ಕಾಗಿ ಈ ಮಾತು.

ಅಲ್ಲಿನ ಮಕ್ಕಳ ರಕ್ಷಣೆಯ ಇತಿಹಾಸವನ್ನು ಹೇಳುವವರು ಸಾಮಾನ್ಯವಾಗಿ 1874ರಿಂದ ಆರಂಭಿಸುತ್ತಾರೆ. ನ್ಯೂಯಾರ್ಕ್ ನಗರದ ಬಡ ಕೇರಿಯೊಂದರಲ್ಲಿ ಮೇರಿ ಎಲೆನ್ ಎಂಬ ಬಾಲಕಿ ತನ್ನ ಸಾಕುತಾಯಿಯಿಂದ ದಿನವೂ ಹೊಡೆತ ತಿನ್ನುತ್ತಿದ್ದಳು. ಎಟ್ಟಾ ವೀಲರ್ ಎಂಬ ಮೆಥಡಿಸ್ಟ್ ಸೇವಾಕಾರ್ಯಕರ್ತೆಗೆ ಆ ಸುದ್ದಿ ಮುಟ್ಟಿತು. ಆಕೆ ಹಲವು ಬಾಗಿಲುಗಳನ್ನು ತಟ್ಟಿದರೂ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಪ್ರಾಣಿಗಳ ಮೇಲಿನ ಹಿಂಸೆಯನ್ನು ತಡೆಯುವ ಸಂಘವನ್ನು ಕಟ್ಟಿದ್ದ ಹೆನ್ರಿ ಬರ್ಗ್ ಅವರ ನೆರವಿನಿಂದ ಪ್ರಕರಣ ನ್ಯಾಯಾಲಯ ತಲುಪಿತು. ಮಗು ಬಿಡುಗಡೆಯಾಯಿತು, ಎಟ್ಟಾ ವೀಲರ್ ಅವರ ಬಂಧುಗಳ ಮನೆಯಲ್ಲೇ ಬೆಳೆಯಿತು. ಮಕ್ಕಳ ಮೇಲಿನ ಕ್ರೌರ್ಯವನ್ನು ತಡೆಯುವ ಸಂಘವೊಂದು ಆ ನಗರದಲ್ಲಿ ಹುಟ್ಟಿಕೊಂಡದ್ದು ಇದರ ಫಲವಾಗಿಯೇ.

ಈ ಕಥೆಯಲ್ಲಿ ಎಟ್ಟಾ ವೀಲರ್ ಅವರ ಕರುಣೆಯನ್ನು ಕಂಡು ನಾವು ಸಂತೋಷಪಡುತ್ತೇವೆ. ಅದು ಯೋಗ್ಯವೇ. ಆದರೆ ಆ ಮಗುವನ್ನು ಆ ಮನೆಗೆ ಕೊಟ್ಟವರು ಯಾರು? ನಗರದ ದಾನಧರ್ಮ ಇಲಾಖೆಯೇ. ಕಾಗದಪತ್ರ ಸಿದ್ಧವಾಗಿತ್ತು, ವರ್ಷಕ್ಕೊಮ್ಮೆ ವರದಿ ಕೊಡಬೇಕೆಂಬ ಷರತ್ತೂ ಇತ್ತು. ಇಲ್ಲದಿದ್ದದ್ದು ಒಂದೇ: ಮನೆಯ ಬಾಗಿಲಿಗೆ ಹೋಗಿ, ಮಗುವಿನ ಮುಖ ನೋಡಿ, ಮೈಮೇಲಿನ ಬಾಸುಂಡೆಗಳ ಅರ್ಥವನ್ನು ತಿಳಿಯಬಲ್ಲ ಒಬ್ಬ ವ್ಯಕ್ತಿ.

ಬರಿಯ ಒಳ್ಳೆಯ ಮನಸ್ಸು ಸಾಲದೆಂಬುದಕ್ಕೆ ಅದೇ ದೇಶದ ಚರಿತ್ರೆಯಲ್ಲಿ ಇನ್ನೂ ಕಹಿಯಾದ ಸಾಕ್ಷಿಗಳಿವೆ. 1854ರಿಂದ 1929ರವರೆಗೆ ಪೂರ್ವದ ನಗರಗಳಿಂದ ಸುಮಾರು 2 ಲಕ್ಷ ಮಕ್ಕಳನ್ನು ರೈಲಿನಲ್ಲಿ ಕೂರಿಸಿ ದೂರದ ಹಳ್ಳಿಗಳ ಕುಟುಂಬಗಳಿಗೆ ಹಂಚಲಾಯಿತು. ಈ ಯೋಜನೆಯನ್ನು ಆರಂಭಿಸಿದ ಚಾರ್ಲ್ಸ್ ಲೋರಿಂಗ್ ಬ್ರೇಸ್ ದೇವಭಕ್ತ ವ್ಯಕ್ತಿ. ಕೆಲವು ಮಕ್ಕಳಿಗೆ ಪ್ರೀತಿಯ ಮನೆಗಳು ದೊರೆತವು. ಕೆಲವರು ಹೊಲಗಳಲ್ಲಿ ಬರಿಯ ಆಳುಗಳಾದರು. ಅವರಲ್ಲಿ ಅನೇಕರು ಅನಾಥರೇ ಆಗಿರಲಿಲ್ಲ. ಬಡತನದ ದೆಸೆಯಿಂದ ಹೆತ್ತವರಿಂದ ಅಗಲಿದವರು. ಮುಂದೆ ಅಲ್ಲಿನ ಮೂಲನಿವಾಸಿಗಳ ಮಕ್ಕಳಿಗೂ ಇಂಥದೇ ಗತಿ ಬಂದಿತು. 1969 ಮತ್ತು 1974ರ ಸಮೀಕ್ಷೆಗಳ ಪ್ರಕಾರ ಆ ಸಮುದಾಯಗಳ ಮಕ್ಕಳಲ್ಲಿ ಶೇಕಡಾ 25ರಿಂದ 35ರಷ್ಟು ಮಂದಿ ತಮ್ಮ ಕುಟುಂಬಗಳಿಂದ ಬೇರ್ಪಟ್ಟಿದ್ದರು. ಇದನ್ನು ತಡೆಯಲು 1978ರಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಮಕ್ಕಳನ್ನು ಹಾಗೆ ತೆಗೆದುಕೊಂಡು ಹೋದವರಲ್ಲಿ ಎಷ್ಟೋ ಮಂದಿ ತಾವು ಪುಣ್ಯಕಾರ್ಯ ಮಾಡುತ್ತಿದ್ದೇವೆಂದೇ ನಂಬಿದ್ದರು. ಕ್ರೈಸ್ತರ ಕೈಗಳೂ ಅದರಲ್ಲಿದ್ದವು ಎಂಬುದನ್ನು ನಾವು ವಿನಯದಿಂದ ಒಪ್ಪಿಕೊಳ್ಳಬೇಕು. ಬಡತನವನ್ನು ಹೆತ್ತವರ ಅಪರಾಧವೆಂದು, ಬೇರೆ ಸಂಸ್ಕೃತಿಯನ್ನು ಅನಾಗರಿಕತೆಯೆಂದು ತಿಳಿಯುವ ಕಣ್ಣಿಗೆ ಕರುಣೆಯಿದ್ದರೂ ಅದು ಕುರುಡು ಕರುಣೆ. ಒಂದು ಮಗುವನ್ನು ತಾಯಿಯ ಮಡಿಲಿನಿಂದ ತೆಗೆಯಬೇಕೇ, ಅಲ್ಲೇ ಬಿಟ್ಟು ಆ ಮನೆಗೆ ಆಸರೆಯಾಗಬೇಕೇ ಎಂಬ ತೀರ್ಮಾನ ಮಾಡುವವರಿಗೆ ಮರುಕದ ಜೊತೆಗೆ ವಿದ್ಯೆಯೂ ಬೇಕು.

ವಿದ್ಯೆಗೆ ಹಣ ಬೇಕು. ಆ ಹಣ ಯಾರದು?

1980ರ ಜೂನ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ದತ್ತು ನೆರವು ಮತ್ತು ಮಕ್ಕಳ ಕಲ್ಯಾಣ ಕಾಯ್ದೆಯು 1935ರ ಸಾಮಾಜಿಕ ಭದ್ರತಾ ಕಾಯ್ದೆಗೆ 'ನಾಲ್ಕು-ಇ' ಎಂಬ ಹೊಸ ಭಾಗವನ್ನು ಸೇರಿಸಿತು. ಸಾಕು ಕುಟುಂಬಗಳಲ್ಲಿರುವ ಬಡ ಮಕ್ಕಳ ಆರೈಕೆಯ ವೆಚ್ಚದಲ್ಲಿ ಒಕ್ಕೂಟ ಸರ್ಕಾರ ಪಾಲು ವಹಿಸಿಕೊಳ್ಳುವುದು ಇದರ ಮುಖ್ಯ ಉದ್ದೇಶ. ಅದರೊಳಗೆ ತರಬೇತಿಯ ಕುರಿತೂ ಒಂದು ಅವಕಾಶವಿದೆ. ಈ ಕಾರ್ಯದಲ್ಲಿರುವವರ, ಹಾಗೂ ಇದಕ್ಕೆ ಸಿದ್ಧರಾಗುತ್ತಿರುವವರ ಶಿಕ್ಷಣಕ್ಕೆ ತಗಲುವ ಅರ್ಹ ವೆಚ್ಚದಲ್ಲಿ ಶೇಕಡಾ 75ರ ದರದಲ್ಲಿ ಒಕ್ಕೂಟ ಸರ್ಕಾರ ಹಣ ಕೊಡುತ್ತದೆ. ಉಳಿದುದನ್ನು ರಾಜ್ಯವೋ ವಿಶ್ವವಿದ್ಯಾಲಯವೋ ಭರಿಸಬೇಕು. ಇದರ ಆಧಾರದ ಮೇಲೆ ಅನೇಕ ರಾಜ್ಯಗಳು ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನದ ಯೋಜನೆಗಳನ್ನು ರೂಪಿಸಿದವು. ಕ್ಯಾಲಿಫೋರ್ನಿಯದಲ್ಲಿ 1990ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯವನ್ನು ಕೇಂದ್ರವಾಗಿಸಿಕೊಂಡು, ಸಮಾಜಕಾರ್ಯ ಶಾಲೆಗಳೂ ಕೌಂಟಿಗಳ ಕಲ್ಯಾಣ ಇಲಾಖೆಗಳೂ ಕೂಡಿ ಒಂದು ಒಕ್ಕೂಟವನ್ನೇ ಕಟ್ಟಿಕೊಂಡವು. ಅಲ್ಲಿ ಪೂರ್ಣಾವಧಿಯ ಸ್ನಾತಕೋತ್ತರ ವಿದ್ಯಾರ್ಥಿಗೆ ಬಹುಕಾಲ ವರ್ಷಕ್ಕೆ 18,500 ಡಾಲರ್ ಸಿಗುತ್ತಿತ್ತು.

ಈ ಹಣ ಬಹುಮಾನವಲ್ಲ, ಭಿಕ್ಷೆಯೂ ಅಲ್ಲ. ಅದರೊಡನೆ ಒಂದು ಕರಾರು ಇರುತ್ತದೆ. ನೆರವು ಪಡೆದ ಪ್ರತಿ ವರ್ಷಕ್ಕೆ ಸಾಮಾನ್ಯವಾಗಿ ಒಂದು ವರ್ಷ ಸರ್ಕಾರದ ಮಕ್ಕಳ ಕಲ್ಯಾಣ ಇಲಾಖೆಯಲ್ಲಿ ಕೆಲಸ ಮಾಡಬೇಕು. ಮಾಡದಿದ್ದರೆ ಪಡೆದ ಹಣವನ್ನು ಹಿಂದಿರುಗಿಸಬೇಕು. ವೈದ್ಯರಾಗುವವರು ಹಳ್ಳಿಗಳಲ್ಲಿ ಸೇವೆ ಸಲ್ಲಿಸಬೇಕೆಂಬ ಬಾಂಡಿನ ವಿಚಾರವನ್ನು ನಾವೂ ಕೇಳಿದ್ದೇವೆ. ಇದೂ ಅದೇ ಜಾತಿಯದು.

ಇಂಥ ಯೋಜನೆಗಳ ಅಗತ್ಯವೇನೆಂಬುದನ್ನು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2003ರಲ್ಲಿ ನೀಡಿದ ವರದಿಯೊಂದು ತೆರೆದು ತೋರಿಸಿತು. ಮಕ್ಕಳ ಕಲ್ಯಾಣದ ಕಾರ್ಯಕರ್ತರಲ್ಲಿ ವರ್ಷಕ್ಕೆ ಶೇಕಡಾ 30ರಿಂದ 40ರಷ್ಟು ಮಂದಿ ಕೆಲಸ ಬಿಟ್ಟುಹೋಗುತ್ತಿದ್ದಾರೆಂಬ ಅಂದಾಜು ಅದರಲ್ಲಿತ್ತು. ಸರಾಸರಿ ಸೇವಾವಧಿ ಎರಡು ವರ್ಷಕ್ಕಿಂತ ಕಡಿಮೆ. ಒಬ್ಬ ಕಾರ್ಯಕರ್ತೆಗೆ 12ರಿಂದ 15 ಮಕ್ಕಳಿಗಿಂತ ಹೆಚ್ಚು ಇರಬಾರದೆಂದು ತಜ್ಞರು ಹೇಳುತ್ತಿದ್ದರೆ, ವಾಸ್ತವದಲ್ಲಿ ಸರಾಸರಿ 24ರಿಂದ 31 ಮಕ್ಕಳು. ಕೆಲವೆಡೆ ಒಬ್ಬರ ಹೆಗಲ ಮೇಲೆ 110 ಮಕ್ಕಳವರೆಗೂ ಭಾರ.

ಕಾರ್ಯಕರ್ತೆ ಕೆಲಸ ಬಿಟ್ಟರೆ ಕಚೇರಿಗೆ ಅದೊಂದು ಖಾಲಿ ಕುರ್ಚಿ. ಮಗುವಿಗೆ? ತನ್ನ ಮೇಲಾದ ದೌರ್ಜನ್ಯವನ್ನು ಹೇಳಿಕೊಳ್ಳಲು ಆರು ತಿಂಗಳು ತಡವರಿಸಿ, ಕೊನೆಗೊಬ್ಬ ಅಕ್ಕನನ್ನು ನಂಬಿ ಬಾಯಿಬಿಟ್ಟ ಮಗುವಿಗೆ ಅದು ಮತ್ತೊಮ್ಮೆ ಅನಾಥವಾದಂತೆ. ಹೊಸ ಮುಖದ ಮುಂದೆ ಹಳೆಯ ಗಾಯವನ್ನು ಪುನಃ ಬಿಚ್ಚಿ ತೋರಿಸಬೇಕು. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಕೌಂಟಿಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಲಯದಲ್ಲಿ ಬಹಳ ಚರ್ಚಿತವಾದದ್ದು. ಆದಿಯಿಂದ ಅಂತ್ಯದವರೆಗೆ ಒಬ್ಬರೇ ಕಾರ್ಯಕರ್ತರಿದ್ದ ಮಕ್ಕಳಲ್ಲಿ ಶೇಕಡಾ 74.5ರಷ್ಟು ಮಂದಿಗೆ ಶಾಶ್ವತ ನೆಲೆ ದೊರಕಿತ್ತು. ಇಬ್ಬರು ಕಾರ್ಯಕರ್ತರನ್ನು ಕಂಡವರಲ್ಲಿ ಅದು ಶೇಕಡಾ 17.5ಕ್ಕೆ ಇಳಿದಿತ್ತು. ಹೆಚ್ಚು ಕಾಲ ಆರೈಕೆಯಲ್ಲಿ ಉಳಿದ ಮಗು ಹೆಚ್ಚು ಕಾರ್ಯಕರ್ತರನ್ನು ಕಾಣುವುದು ಸಹಜ. ಆದ್ದರಿಂದ ಇಡೀ ವ್ಯತ್ಯಾಸಕ್ಕೆ ಕೆಲಸ ಬಿಟ್ಟವರೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ಆದರೂ ಆ ಅಂಕಿಗಳನ್ನು ಓದಿ ಸುಮ್ಮನೆ ಮುಂದಕ್ಕೆ ಹೋಗುವುದು ನನಗೆ ಸಾಧ್ಯವಾಗಲಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಹಣ ಕೊಟ್ಟು, ಕರಾರು ಬರೆಸಿಕೊಂಡು ಪಡೆಯುವ ಸೇವೆ ಸೇವೆಯೇ? ಪ್ರೀತಿಯನ್ನು ಬಾಂಡಿನಿಂದ ಕಟ್ಟಿಹಾಕಬಹುದೇ?

ಆಕ್ಷೇಪಣೆ ಮಾಡುವವರು ಸಂತ ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ನೆನಪಿಸಬಹುದು. ಒಳ್ಳೆಯ ಕುರಿಗಾಹಿಯನ್ನು ಕುರಿತು ಹೇಳುವಾಗ ಯೇಸುಸ್ವಾಮಿ ಕೂಲಿಯಾಳನ್ನೂ ಚಿತ್ರಿಸುತ್ತಾರೆ. ತೋಳ ಬಂದಾಗ ಅವನು ಓಡಿಹೋಗುತ್ತಾನೆ. ಆದರೆ ಗಮನಿಸಿ: ಅಲ್ಲಿ ಖಂಡಿಸಲಾಗಿರುವುದು ಅವನು ಕೂಲಿ ಪಡೆದದ್ದನ್ನಲ್ಲ, ಕುರಿಗಳ ಬಗ್ಗೆ ಅವನಿಗೆ ಚಿಂತೆಯಿಲ್ಲದ್ದನ್ನು. ಅದೇ ಯೇಸುಸ್ವಾಮಿ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ, ದುಡಿಯುವವನು ತನ್ನ ಕೂಲಿಗೆ ಅರ್ಹನೆಂದು ಶಿಷ್ಯರಿಗೆ ತಿಳಿಸುತ್ತಾರೆ. ಅದೇ ಅಧ್ಯಾಯದ ಕೊನೆಯ ಭಾಗದಲ್ಲೇ ದಯಾಳು ಸಮಾರಿಯದವನ ಸಾಮತಿ ಬರುತ್ತದೆ. ಗಾಯಗೊಂಡವನನ್ನು ಆತ ಛತ್ರಕ್ಕೆ ಕರೆತಂದು ಒಂದು ರಾತ್ರಿ ಆರೈಕೆ ಮಾಡಿದನು. ಮರುದಿನ ಛತ್ರದವನ ಕೈಗೆ ಎರಡು ನಾಣ್ಯಗಳನ್ನಿತ್ತು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಸಲ್ಲಿಸುವುದಾಗಿ ಹೇಳಿ ತನ್ನ ದಾರಿ ಹಿಡಿದನು. ಆ ಮೇಲಿನ ಆರೈಕೆಯನ್ನೆಲ್ಲ ಮಾಡಿದವನು ಹಣ ಪಡೆದ ಛತ್ರದವನು! ಸಮಾರಿಯದವನ ಪ್ರೀತಿ ಅದರಿಂದ ಕಡಿಮೆಯಾಗಲಿಲ್ಲ. ಅದು ಛತ್ರದವನ ಕೈಗಳ ಮೂಲಕ ಮುಂದುವರಿಯಿತು. ನಾವೆಲ್ಲರೂ ಛತ್ರದವರಾಗಲಾರೆವು. ಆದರೆ ಆ ಎರಡು ನಾಣ್ಯಗಳನ್ನು ಕೊಡದೆ, ಛತ್ರದವನು ಪುಕ್ಕಟೆಯಾಗಿ ನೋಡಿಕೊಳ್ಳಲೆಂದು ಬಯಸುವುದು ಪ್ರೀತಿಯಲ್ಲ.

ನಮ್ಮ ಧರ್ಮಸಭೆಯ ಅನುಭವವೂ ಇದನ್ನೇ ಹೇಳುತ್ತದೆ. 17ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲಿ ಬಿಸಾಡಿದ್ದ ಹಸುಳೆಗಳನ್ನು ಸಂತ ವಿನ್ಸೆಂಟ್ ದೆ ಪೌಲರೂ ಸಂತ ಲೂಯಿಸ್ ದೆ ಮರಿಲ್ಯಾಕರೂ ಎತ್ತಿಕೊಂಡಾಗ, ಆ ಮಕ್ಕಳಲ್ಲಿ ಅನೇಕರನ್ನು ಹಳ್ಳಿಗಳ ದಾದಿಯರಿಗೆ ಹಣ ಕೊಟ್ಟು ಒಪ್ಪಿಸಿದರು. ಅವರನ್ನು ನೋಡಿಬರಲು ಭಗಿನಿಯರನ್ನು ಕಳುಹಿಸಿದರು. 1891ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ನ್ಯಾಯವಾದ ಕೂಲಿಯನ್ನು ಧರ್ಮದ ಪ್ರಶ್ನೆಯೆಂದು ಸಾರಿದರು. 2005ರ ಪ್ರೇಷಿತ ಪತ್ರದಲ್ಲಿ ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು, ಪರಸೇವೆಯಲ್ಲಿ ತೊಡಗಿರುವವರಿಗೆ ವೃತ್ತಿಯ ನೈಪುಣ್ಯ ಮೂಲಭೂತವಾದದ್ದೆಂದೂ, ಅಷ್ಟೇ ಸಾಲದೆ ಹೃದಯದ ರೂಪುಗೊಳ್ಳುವಿಕೆಯೂ ಬೇಕೆಂದೂ ಬೋಧಿಸಿದರು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಮಗಿಲ್ಲ.

ಗುರುಮಠದಲ್ಲಿ ಓದುವ ಬ್ರದರ್ ಒಬ್ಬರನ್ನು ನೆನೆಯಿರಿ. ಹಲವು ವರ್ಷಗಳ ಅವರ ವಿದ್ಯೆ, ಊಟ, ವಸತಿಗಳ ಹಿಂದೆ ಭಕ್ತಾದಿಗಳ ಕಾಣಿಕೆ ಇದೆ. ಆ ಕಾರಣಕ್ಕೆ ಅವರ ದೈವಕರೆಯನ್ನು ಕೊಂಡುಕೊಳ್ಳಲಾಯಿತೆಂದು ಯಾರೂ ಹೇಳುವುದಿಲ್ಲ. ಹಣವು ಕರೆಯನ್ನು ಹುಟ್ಟಿಸುವುದಿಲ್ಲ. ಕರೆ ಬಂದವರ ದಾರಿಯ ಕಲ್ಲುಮುಳ್ಳುಗಳನ್ನು ತೆಗೆಯುತ್ತದೆ. ಬಡ ಕುಟುಂಬದ ವಿದ್ಯಾರ್ಥಿನಿಗೆ ಈ ವಿದ್ಯಾರ್ಥಿವೇತನ ಮಾಡುವುದೂ ಅದನ್ನೇ. ಅದಿಲ್ಲದಿದ್ದರೆ ಸಾಲ ಮಾಡಿ ಓದಬೇಕು. ಸಾಲ ತೀರಿಸಲು ಹೆಚ್ಚು ಸಂಬಳದ ಬೇರೆ ಕೆಲಸ ಹುಡುಕಬೇಕು. ಆಗ ಬಡ ಮಕ್ಕಳ ಕಷ್ಟವನ್ನು ತನ್ನ ಬಾಳಿನಿಂದಲೇ ಬಲ್ಲವಳು ಆ ಮಕ್ಕಳ ಬಳಿಗೆ ಬರಲಾರಳು.

ಆದರೆ ಈ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಗುರುಮಠ ಬಿಟ್ಟು ಬರುವ ಯುವಕನ ಕೈಗೆ ಸಾಮಾನ್ಯವಾಗಿ ನಾವು ಲೆಕ್ಕದ ಚೀಟಿ ಕೊಡುವುದಿಲ್ಲ. ಒತ್ತಾಯದ ಕರೆ ಕರೆಯಲ್ಲವೆಂದು ನಾವು ಬಲ್ಲೆವು. ಹಾಗಿದ್ದರೆ ಕೆಲಸ ತನ್ನಿಂದಾಗದೆಂದು ಅರಿತ ಆ ಯುವತಿಯನ್ನು ಹಣದ ಹೆದರಿಕೆಯಿಂದ ಎರಡು ವರ್ಷ ಅಲ್ಲೇ ಕಟ್ಟಿಹಾಕುವುದು ಸರಿಯೇ? ಮನಸ್ಸು ಸುಟ್ಟುಹೋದವಳ ಕೈಯಲ್ಲಿ ಮಗುವನ್ನಿಡುವುದು ಮಗುವಿಗೆ ನ್ಯಾಯವೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಇಲ್ಲಿ ನನಗೆ ಆದಿಕಾಂಡದ ಯಕೋಬನ ನೆನಪಾಗುತ್ತದೆ. ರಾಖೇಲಳಿಗಾಗಿ ಲಾಬಾನನ ಮನೆಯಲ್ಲಿ ಏಳು ವರ್ಷ ದುಡಿಯಲು ಅವನು ಕರಾರು ಮಾಡಿಕೊಂಡನು. ಆಕೆಯ ಮೇಲಿನ ಪ್ರೀತಿಯಿಂದ ಆ ವರ್ಷಗಳು ಅವನಿಗೆ ಕೆಲವೇ ದಿನಗಳಂತೆ ಕಂಡವು. ಆದ್ದರಿಂದ ಕರಾರು ಮತ್ತು ಪ್ರೀತಿ ಒಂದಕ್ಕೊಂದು ಶತ್ರುಗಳಲ್ಲ. ವಿವಾಹದ ಸಂಸ್ಕಾರವೂ ಮಾತು ಕೊಟ್ಟು ಕಟ್ಟಿಕೊಳ್ಳುವ ಬಂಧನವೇ ಅಲ್ಲವೇ? ಉತ್ಸಾಹ ಬತ್ತಿದ ದಿನಗಳಲ್ಲಿ ಕೊಟ್ಟ ಮಾತೇ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಮೊದಲ ವರ್ಷದ ಕಷ್ಟವನ್ನು ಸಹಿಸಿ ಎರಡನೆಯ ವರ್ಷಕ್ಕೆ ಕಾಲಿಟ್ಟ ಕಾರ್ಯಕರ್ತೆಯಿಂದ ಮಕ್ಕಳಿಗೆ ಆಗುವ ಉಪಕಾರ ದೊಡ್ಡದು.

ಯಕೋಬನ ಕಥೆಯಲ್ಲಿ ತಪ್ಪಿದವನು ದುಡಿದವನಲ್ಲ, ದುಡಿಸಿಕೊಂಡವನು. ಏಳು ವರ್ಷ ಮುಗಿದ ರಾತ್ರಿ ಲಾಬಾನನು ಮಾತು ಮುರಿದು ಲೇಯಳನ್ನು ಒಪ್ಪಿಸಿದನು. ಬಲಶಾಲಿಯಾದವನು ಷರತ್ತನ್ನು ತನಗೆ ಬೇಕಾದಂತೆ ಬದಲಿಸಿದಾಗ ಕರಾರು ಜೀತವಾಗುತ್ತದೆ. 15 ಮಕ್ಕಳನ್ನು ನೋಡಿಕೊಳ್ಳಲು ಕಲಿತು ಬಂದವಳ ಮೇಜಿನ ಮೇಲೆ 60 ಮಕ್ಕಳ ಕಡತಗಳನ್ನಿಟ್ಟು, ಬಿಟ್ಟುಹೋದರೆ ಹಣ ಕಟ್ಟೆಂದು ಹೇಳುವ ಸರ್ಕಾರವು ಲಾಬಾನನಂತೆ ನಡೆದುಕೊಳ್ಳುತ್ತಿದೆ. ವಿದ್ಯಾರ್ಥಿಯನ್ನು ಕಟ್ಟುವ ಕರಾರು ಸಮಾಜವನ್ನೂ ಕಟ್ಟಬೇಕು. ಹೊರಬಲ್ಲಷ್ಟು ಭಾರ, ತಪ್ಪಿದಾಗ ತಿದ್ದುವ ಅನುಭವಿ ಮೇಲ್ವಿಚಾರಕರು, ಬದುಕಲು ಸಾಲುವ ಸಂಬಳ, ನಿಜವಾಗಿ ಅಶಕ್ತರಾದವರಿಗೆ ಮರ್ಯಾದೆಯಿಂದ ಹೊರಹೋಗುವ ದಾರಿ: ಇಷ್ಟನ್ನು ಕೊಟ್ಟ ಸಮಾಜಕ್ಕೆ ಮಾತ್ರ ಎರಡು ವರ್ಷ ಕೇಳುವ ನೈತಿಕ ಹಕ್ಕಿದೆ. 2003ರ ಆ ವರದಿಯೂ ಕಾರ್ಯಕರ್ತರು ಬಿಟ್ಟುಹೋಗಲು ಕಡಿಮೆ ಸಂಬಳದ ಜೊತೆಗೆ ಅತಿಯಾದ ಭಾರ, ಕಾಗದಪತ್ರದ ಹೊರೆ, ಸಾಲದ ಮೇಲ್ವಿಚಾರಣೆಗಳನ್ನೇ ಕಾರಣವಾಗಿ ಹೇಳಿತ್ತು. ವಿದ್ಯಾರ್ಥಿವೇತನವು ಬಾಗಿಲು ತೆರೆಯಬಲ್ಲದು. ಒಳಗೆ ಬಂದವರು ಉಳಿಯುವಂತೆ ಮನೆಯನ್ನು ಇಟ್ಟುಕೊಳ್ಳುವುದು ಬೇರೆಯೇ ಕೆಲಸ.

ದೂರದ ಅಮೆರಿಕದ ಮಾತು ನಮಗೇಕೆ ಎಂದು ನೀವು ಕೇಳಬಹುದು. ನಮ್ಮ ದೇಶದ ಮೊದಲ ಸಮಾಜಕಾರ್ಯ ಶಾಲೆ, ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, 1936ರಲ್ಲಿ ಮುಂಬಯಿಯಲ್ಲಿ ಆರಂಭವಾದಾಗ ಅದರ ಮೊದಲ ನಿರ್ದೇಶಕರಾಗಿದ್ದವರು ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕದ ಮಿಶನರಿ. ನಮ್ಮ ಮಂಗಳೂರಿನಲ್ಲೇ ಡಾಟರ್ಸ್ ಆಫ್ ದಿ ಹಾರ್ಟ್ ಆಫ್ ಮೇರಿ ಸಂಸ್ಥೆಯವರು 1960ರಲ್ಲಿ ರೋಶನಿ ನಿಲಯವನ್ನು ಸ್ಥಾಪಿಸಿದರು. ಕರುಣೆಗೆ ವಿದ್ಯೆ ಬೇಕೆಂಬ ಸತ್ಯವನ್ನು ನಮ್ಮ ಹಿರಿಯರು ಅಂದೇ ಮನಗಂಡಿದ್ದರು. ಇಂದು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಜಿಲ್ಲೆಗಳಲ್ಲಿ ಮಕ್ಕಳ ಕಲ್ಯಾಣ ಸಮಿತಿಗಳಿವೆ, ಮಕ್ಕಳ ರಕ್ಷಣಾ ಘಟಕಗಳಿವೆ. ಸಾಕು ಕುಟುಂಬದ ಆರೈಕೆಗೂ ಆ ಕಾಯ್ದೆಯಲ್ಲಿ ಅವಕಾಶವಿದೆ. ಕಾಯ್ದೆಯ ಪುಟಗಳು ಮಗುವಿನ ಬಾಗಿಲು ತಟ್ಟುವುದಿಲ್ಲ. ಅದಕ್ಕೆ ಮನುಷ್ಯರು ಬೇಕು. ಆ ಮನುಷ್ಯರು ನಮ್ಮ ಮನೆಗಳಿಂದಲೇ ಬರಬೇಕು.

ಧರ್ಮಕೇಂದ್ರದ ಹಬ್ಬದಂದು ನಾವು ದೀಪಾಲಂಕಾರಕ್ಕೆ, ಊಟಕ್ಕೆ, ಬ್ಯಾಂಡಿಗೆ ಸಂತೋಷದಿಂದ ಹಣ ಕೂಡಿಸುತ್ತೇವೆ. ಸಂತೋಷಪಡುವುದು ತಪ್ಪಲ್ಲ. ಅದರ ಒಂದು ಸಣ್ಣ ಪಾಲಿನಿಂದ, ಮಕ್ಕಳ ನಡುವೆ ದುಡಿಯಬಯಸುವ ನಮ್ಮೂರಿನ ಒಬ್ಬ ವಿದ್ಯಾರ್ಥಿನಿಯ ಶುಲ್ಕವನ್ನು ಕಟ್ಟಬಹುದಲ್ಲವೇ? ಆಗ ನಾವು ಆಕೆಗೆ ಉಪಕಾರ ಮಾಡಿದೆವೆಂದು ತಿಳಿಯುವುದು ಬೇಡ. ನಾವು ಮಾಡಬೇಕಾದ, ಆದರೆ ನಮ್ಮಿಂದಾಗದ ಕೆಲಸವನ್ನು ನಮ್ಮ ಪರವಾಗಿ ಮಾಡಲು ಆಕೆ ಒಪ್ಪಿಕೊಂಡಿದ್ದಾಳೆ. ಸಾಲಗಾರರು ನಾವು.

ನದಿಯ ದಡಕ್ಕೆ ಮತ್ತೊಮ್ಮೆ ಹೋಗೋಣ. ಮಗುವನ್ನು ಉಳಿಸಲು ಅಲ್ಲಿ ಮೂವರು ಬೇಕಾದರು. ಕಣ್ಣಿಟ್ಟು ಕಾಯಲು ಅಕ್ಕ ಬೇಕಿತ್ತು. ಮಡಿಲಲ್ಲಿ ಸಲಹಲು ತಾಯಿ ಬೇಕಿತ್ತು. ಆ ಸಲಹುವಿಕೆಯ ವೆಚ್ಚವನ್ನು ಹೊರಲು ಅರಮನೆಯ ಹೆಣ್ಣುಮಗಳು ಬೇಕಿತ್ತು. ರಾಜಕುಮಾರಿ ಹಾಲೂಡಿಸಲಿಲ್ಲ; ಆದರೆ ತನ್ನ ಕನಿಕರವನ್ನು ಕಣ್ಣೀರಿನಲ್ಲೇ ಮುಗಿಸಲಿಲ್ಲ. ದೇವರು ಒಂದು ಜನಾಂಗದ ವಿಮೋಚನೆಯನ್ನು ಆ ಕೂಲಿಯ ಮೂಲಕವೂ ನಡೆಸಿದರು.

ಮುಂದೊಂದು ಸಂಜೆ ನಿಮ್ಮ ಮಗಳು ಬಂದು ಆ ಮಾತು ಹೇಳಿದರೆ, ಸಂಬಳವೆಷ್ಟೆಂದು ಅವಶ್ಯವಾಗಿ ಕೇಳಿರಿ. ಆದರೆ ಉತ್ತರ ಕೇಳಿದ ಮೇಲೆ ಆಕೆಯನ್ನು ತಡೆಯಬೇಡಿರಿ; ಆ ಸಂಬಳ ಇಷ್ಟು ಕಡಿಮೆ ಏಕೆಂದು ನಮ್ಮನ್ನೇ ನಾವು ಕೇಳಿಕೊಳ್ಳೋಣ.